ಫ್ರೋಜನ್ ತುಣುಕನ್ನು ಕೂರಿಸುವ ಆ ಒಂದು ನಿಮಿಷ

ಕಳೆದ ಸಂಚಿಕೆಯಲ್ಲಿ ಬಯಾಪ್ಸಿ ವರದಿ ಏಕೆ ತಡವಾಗುತ್ತದೆ ಎಂಬ ಪ್ರಶ್ನೆಗೆ ಉತ್ತರಿಸುವಾಗ, ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ, ತುಣುಕನ್ನು ಹೆಪ್ಪುಗಟ್ಟಿಸಿ ನೋಡಿ ಕೊಡುವ ‘ಫ್ರೋಜನ್’ ವರದಿಯ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಆ ಸಾಲನ್ನು ಹಿಡಿದುಕೊಂಡು ಇಷ್ಟು ಕಾಗದ ಬರುತ್ತವೆ ಎಂದುಕೊಂಡಿರಲಿಲ್ಲ. ಕೆಲವು ರೋಗಿಗಳ ಮನೆಯವರಿಂದ, ಉಳಿದವೆಲ್ಲ ಲ್ಯಾಬಿನವರಿಂದ. ಲ್ಯಾಬಿನವರ ದೂರು ಯಂತ್ರದ ಮೇಲೆ, ಬ್ಲೇಡಿನ ಮೇಲೆ, ಕರೆಂಟಿನ ಮೇಲೆ. ಬೆಳಗಾವಿಯ ಪೆಥಾಲಜಿ ಲ್ಯಾಬಿನಲ್ಲಿ ಹೆಪ್ಪುಗಟ್ಟಿಸಿದ ತುಣುಕು ಕೊಯ್ಯುವ ಕ್ರಯೋಸ್ಟ್ಯಾಟ್ ಯಂತ್ರದ ಮುಂದೆ ಕೂತೇ ತಲೆ ನರೆಸಿಕೊಂಡವಳು ನಾನು. ಯಂತ್ರದ ಪರವಾಗಿ ಎರಡು ಮಾತು ಹೇಳಬೇಕೆನಿಸಿದೆ. ಹೆಚ್ಚಿನ ಸಲ ಕೆಲಸ ಕೆಡುವುದು ಬ್ಲೇಡು ತಾಗುವುದಕ್ಕೆ ಮೊದಲೇ, ತುಣುಕನ್ನು ಚಕ್ಕಿನ ಮೇಲೆ ಕೂರಿಸುವ ಒಂದು ನಿಮಿಷದಲ್ಲಿ. ಚಕ್ ಎಂದರೆ ತುಣುಕನ್ನು ಅಂಟಿಸುವ ಲೋಹದ ಬಿಲ್ಲೆ. ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನನ್ನ ಅಣ್ಣನಿಗೆ ಬೆಳಗಾವಿಯಲ್ಲಿ ಕೆನ್ನೆಯ ಕ್ಯಾನ್ಸರಿಗೆ ಆಪರೇಷನ್ ಆಯಿತು. ಮೊದಲ ಬಯಾಪ್ಸಿ ವರದಿಗೆ ವಾರ ಕಾಯಿಸಿದ್ದರು. ಆಪರೇಷನ್ ದಿನ ಮಾತ್ರ ‘ಫ್ರೋಜನ್‌ಗೆ ಕಳಿಸಿದ್ದೇವೆ’ ಎಂದು ಅರ್ಧ ತಾಸಿನಲ್ಲಿ ವರದಿ ತರಿಸಿಕೊಂಡರು. ಆಮೇಲೆ ಕೆಲವು ದಿನ ಬಿಟ್ಟು ಅದೇ ತುಣುಕಿಗೆ ಇನ್ನೊಂದು ವರದಿ ಬಂತು, ಬಿಲ್ಲೂ ಬಂತು. ಅರ್ಧ ತಾಸಿನಲ್ಲಿ ಆಗುವ ಕೆಲಸಕ್ಕೆ ವಾರ ಏಕೆ? ಒಂದು ತುಣುಕಿಗೆ ಎರಡು ವರದಿ ಏಕೆ? — ಗೋಕಾಕದ ಓದುಗರು

ಉತ್ತರ: ನಿಮ್ಮ ಸಂಶಯ ಸಹಜವೇ, ಆದರೆ ಇದರಲ್ಲಿ ಮೋಸವಿಲ್ಲ. ಮಾಂಸ ಮೆತ್ತಗಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಲು ಬೇಕಾದ 4-5 ಮೈಕ್ರಾನ್ ಪದರ, ಅಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ನಾಲ್ಕೈದು ಪಾಲಿನಷ್ಟು ತೆಳುವಾದ ಪದರ, ಮೆತ್ತಗಿನ ಮಾಂಸದಿಂದ ಬರುವುದಿಲ್ಲ. ಲ್ಯಾಬಿನಲ್ಲಿ ಆ ಪದರಕ್ಕೆ ಸೆಕ್ಷನ್ ಎನ್ನುತ್ತೇವೆ. ಮೊದಲು ಅದನ್ನು ಗಟ್ಟಿ ಮಾಡಬೇಕು. ಮಾಮೂಲು ಬಯಾಪ್ಸಿಯಲ್ಲಿ ತುಣುಕನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಆಲ್ಕೊಹಾಲಿನಿಂದ ನೀರು ತೆಗೆದು, ಕ್ಸೈಲೀನ್ ಎಂಬ ದ್ರಾವಕ ದಾಟಿಸಿ, ಸುಮಾರು 60 ಡಿಗ್ರಿಯಲ್ಲಿ ಕರಗಿಸಿದ ಮೇಣವನ್ನು ಒಳಗೆಲ್ಲ ತುಂಬಿಸುತ್ತೇವೆ. ಇದಕ್ಕೆ ದಿನಗಳೇ ಹಿಡಿಯುತ್ತವೆ. ಫ್ರೋಜನ್‌ನಲ್ಲಿ ಹೊರಗಿನ ಮೇಣ ಬೇಡ, ಮಾಂಸದೊಳಗಿನ ನೀರನ್ನೇ ಗಟ್ಟಿ ಮಾಡುತ್ತೇವೆ. ಅದು ನಿಮಿಷಗಳ ಕೆಲಸ.

ಈ ಯೋಚನೆ ಹಳೆಯದು. 1891ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಲಿಯಂ ವೆಲ್ಚ್ ಇದನ್ನು ಮಾಡಿ ನೋಡಿದರು. ಸ್ಲೈಡು ತಯಾರಾಗುವಷ್ಟರಲ್ಲಿ ಸರ್ಜನ್ ಹಾಲ್‌ಸ್ಟೆಡ್ ಶಸ್ತ್ರಚಿಕಿತ್ಸೆಯನ್ನೇ ಮುಗಿಸಿಬಿಟ್ಟಿದ್ದರಂತೆ. 1905ರಲ್ಲಿ ಮೇಯೊ ಕ್ಲಿನಿಕ್‌ನ ಲೂಯಿಸ್ ವಿಲ್ಸನ್, ಮಿನೆಸೋಟಾದ ಚಳಿಗಾಲದಲ್ಲಿ ತುಣುಕುಗಳನ್ನು ಕಿಟಕಿಯ ಹೊರಗಿಟ್ಟು ಹೆಪ್ಪುಗಟ್ಟಿಸಿ, ಮೆಥಿಲೀನ್ ಬ್ಲೂ ಬಣ್ಣ ಹಾಕಿ ಇದನ್ನು ಬಳಕೆಗೆ ತಂದರು. ಬೆಳಗಾವಿಯ ಚಳಿಯನ್ನು ನಾವು ಎಷ್ಟೇ ಹೊಗಳಿಕೊಂಡರೂ ಕಿಟಕಿಯಲ್ಲಿಟ್ಟರೆ ಇಲ್ಲಿ ಕೆಲಸ ಆಗುವುದಿಲ್ಲ. ನಮಗೆ ಕ್ರಯೋಸ್ಟ್ಯಾಟ್ ಬೇಕು: ತಂಪು ಪೆಟ್ಟಿಗೆಯೊಳಗೇ ಕೊಯ್ಯುವ ಯಂತ್ರ. 1938ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಲಿಂಡರ್‌ಸ್ಟ್ರಾಮ್-ಲಾಂಗ್ ಮತ್ತು ಮೊಗೆನ್ಸೆನ್ ಇದರ ಮೊದಲ ರೂಪವನ್ನು ವಿವರಿಸಿದರು.

ಇನ್ನು ಎರಡು ವರದಿಯ ಮಾತು. ಫ್ರೋಜನ್ ಉತ್ತರಿಸುವುದು ಸರ್ಜನ್ ಆ ಗಳಿಗೆಯಲ್ಲಿ ಕೇಳುವ ಒಂದೇ ಪ್ರಶ್ನೆಗೆ. ನಿಮ್ಮ ಅಣ್ಣನವರ ವಿಷಯದಲ್ಲಿ ಅದು ‘ಕೊಯ್ದ ಅಂಚಿನಲ್ಲಿ ಇನ್ನೂ ಕ್ಯಾನ್ಸರ್ ಉಳಿದಿದೆಯೇ’ ಎಂಬುದು. ಉಳಿದಿದ್ದರೆ ರೋಗಿಯ ಮಂಪರು ಇಳಿಯುವ ಮೊದಲೇ ಇನ್ನಷ್ಟು ತೆಗೆಯುತ್ತಾರೆ, ಮತ್ತೊಮ್ಮೆ ಓಟಿಗೆ, ಅಂದರೆ ಆಪರೇಷನ್ ಥಿಯೇಟರಿಗೆ, ಹೋಗುವುದು ತಪ್ಪುತ್ತದೆ. ಹೆಪ್ಪುಗಟ್ಟಿಸಿದ ಪದರದ ಚಿತ್ರ ಮೇಣದ ಪದರದಷ್ಟು ಸ್ವಚ್ಛವಾಗಿರುವುದಿಲ್ಲ. ಆದ್ದರಿಂದ ಅದೇ ತುಣುಕನ್ನು ಕರಗಿಸಿ, ಮೇಣದಲ್ಲಿ ಕೂರಿಸಿ, ನಿಧಾನವಾಗಿ ಮತ್ತೆ ನೋಡಿ ಕೊನೆಯ ವರದಿ ಕೊಡುತ್ತಾರೆ. ಮುಂದಿನ ಚಿಕಿತ್ಸೆ ಆ ಎರಡನೆಯ ವರದಿಯ ಮೇಲೆ ನಿಲ್ಲುತ್ತದೆ. ಅದನ್ನು ಜೋಪಾನವಾಗಿ ಇಡಿ.

ನಮ್ಮ ಕಡೆ ಫ್ರೋಜನ್‌ಗೆ ಬಾಯಿಯ ತುಣುಕುಗಳೇ ಏಕೆ ಅಷ್ಟು ಬರುತ್ತವೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಪ್ಪಾಣಿಯ ಹೊಲಗಳಲ್ಲಿ ತಂಬಾಕು ಬೆಳೆಯುವ ಜಿಲ್ಲೆ ನಮ್ಮದು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಒಂದು ಚೀಟಿನ (ಸಣ್ಣ ಪ್ಯಾಕೆಟಿನ) ಜಾಗದಲ್ಲಿ ಎರಡು ಚೀಟು ಬಂದವು, ಒಂದರಲ್ಲಿ ಪಾನ್ ಮಸಾಲೆ, ಇನ್ನೊಂದರಲ್ಲಿ ತಂಬಾಕು. ಕೆನ್ನೆಗೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ.

ಪ್ರಶ್ನೆ: ಮೇಡಂ, ನಾನು ಬಾಗಲಕೋಟೆಯಲ್ಲಿ ಲ್ಯಾಬ್ ಟೆಕ್ನಾಲಜಿ ಓದುತ್ತಿದ್ದೇನೆ. ಬಾಯಿಯ ಅಂಚಿನ ತುಣುಕು ಫ್ರೋಜನ್‌ಗೆ ಬಂದಾಗ ನನಗೆ ಕೂರಿಸಲು ಕೊಟ್ಟರು. ಸ್ಲೈಡು ನೋಡಿದ ಸರ್, ‘ತುಣುಕನ್ನು ಮಲಗಿಸಿಬಿಟ್ಟಿದ್ದೀಯಾ, ಇದರಲ್ಲಿ ನಾನು ಏನು ಹೇಳಲಿ’ ಎಂದರು. ಸೆಕ್ಷನ್ ಚೆನ್ನಾಗಿಯೇ ಬಂದಿತ್ತು, ಹರಿದಿರಲಿಲ್ಲ, ಮಡಚಿರಲಿಲ್ಲ. ಮಲಗಿಸಿದರೆ ಏನಾಗುತ್ತದೆ? — ಬಾಗಲಕೋಟೆಯ ವಿದ್ಯಾರ್ಥಿನಿ

ಉತ್ತರ: ತಂಗಿ, ನಿನ್ನ ಸರ್ ಗೊಣಗಿದ್ದು ಸರಿ, ಆದರೆ ಕಾರಣವನ್ನೂ ಹೇಳಬೇಕಿತ್ತು. ಅವರ ಪಾಲಿನದನ್ನು ನಾನು ಹೇಳುತ್ತೇನೆ.

ಕೆನ್ನೆಯ ಒಳಗಿನ ಅಂಚಿನಿಂದ ಕೊಯ್ದ ಆ ಪಟ್ಟಿಯಂಥ ತುಣುಕನ್ನು ಕೈಯಲ್ಲಿ ಹಿಡಿದು ನೋಡು. ಒಂದು ಮುಖ ನುಣುಪಾಗಿ, ತುಸು ಬಿಳಿಚಿಕೊಂಡ ಗುಲಾಬಿ ಬಣ್ಣದಲ್ಲಿ ಹೊಳೆಯುತ್ತದೆ. ಅದೇ ಮೇಲ್ಪದರ, ಕ್ಯಾನ್ಸರ್ ಹುಟ್ಟುವುದು ಅಲ್ಲಿ. ಅದರ ಕೆಳಗೆ ನಾರು, ಹಳದಿ ಕೊಬ್ಬಿನ ಕಾಳು, ಇನ್ನೂ ಕೆಳಗೆ ಕೆಂಪು ಸ್ನಾಯು. ಸ್ಲೈಡು ನೋಡಿ ವರದಿ ಕೊಡುವ ಪೆಥಾಲಜಿಸ್ಟ್‌ಗೆ ಈ ಎಲ್ಲ ಪದರಗಳೂ ಒಂದೇ ಸೆಕ್ಷನ್‌ನಲ್ಲಿ, ಒಂದರ ಕೆಳಗೊಂದು ಕಾಣಬೇಕು. ಪಟ್ಟಿಯನ್ನು ಅದರ ಮಗ್ಗುಲಿನ ಮೇಲೆ ನಿಲ್ಲಿಸಿದರೆ ಮಾತ್ರ ಹಾಗೆ ಕಾಣುತ್ತದೆ. ಹೊಳೆಯುವ ಮುಖ ಮೇಲೆ ಬರುವಂತೆ ಮಲಗಿಸಿದರೆ ಬ್ಲೇಡು ಮೇಲ್ಪದರವನ್ನು ಅಡ್ಡಡ್ಡ ಸವರಿಕೊಂಡು ಹೋಗುತ್ತದೆ. ಮೇಲ್ಪದರದ ತಳ ಸಮತಟ್ಟಲ್ಲ, ಕೆಳಗಿನ ನಾರಿನೊಳಗೆ ಸಣ್ಣ ಸಣ್ಣ ಬೇರು ಬಿಟ್ಟುಕೊಂಡಿರುತ್ತದೆ. ಆ ಬೇರುಗಳನ್ನು ಅಡ್ಡ ಕೊಯ್ದರೆ ನಾರಿನ ನಡುವೆ ಮೇಲ್ಪದರದ ಜೀವಕೋಶಗಳ ಬಿಡಿ ದ್ವೀಪಗಳು ಕಾಣುತ್ತವೆ. ಒಳಕ್ಕೆ ನುಗ್ಗಿದ ಕ್ಯಾನ್ಸರೂ ಹಾಗೆಯೇ ಕಾಣುತ್ತದೆ. ಈಗ ಯೋಚಿಸು: ಅತ್ತ ಸರ್ಜನ್ ಕೈಗವಸು ಹಾಕಿಕೊಂಡು ಕಾಯುತ್ತಿದ್ದಾರೆ, ಇತ್ತ ದ್ವೀಪಗಳು. ಇರುವ ಕ್ಯಾನ್ಸರನ್ನು ಇಲ್ಲ ಎಂದರೂ ಕೇಡು, ಇಲ್ಲದ್ದನ್ನು ಇದೆ ಎಂದು ಇನ್ನೊಂದು ಬೆರಳು ಅಗಲ ಕೆನ್ನೆ ತೆಗೆಸಿದರೂ ಕೇಡು. ಸೆಕ್ಷನ್ ಹರಿಯದೆ ಬಂತು ಎಂಬ ಹೆಮ್ಮೆಯಿಂದ ಆ ಹೊತ್ತಿನಲ್ಲಿ ಯಾರಿಗೂ ಉಪಯೋಗವಿಲ್ಲ.

ಈಗ ಕೆಲಸಕ್ಕೆ ಬಾ. ತುಣುಕು ಬಂದ ಕೂಡಲೇ ಕೈ ಹಾಕಬೇಡ, ಮೊದಲು ಚೀಟಿ ಓದು. ಮುಂದಿನ ಅಂಚೋ, ಹಿಂದಿನ ಅಂಚೋ, ಕೆಳಗಿನದೋ ಎಂದು ಬರೆದಿರುತ್ತಾರೆ. ದಿಕ್ಕಿನ ಗುರುತಿಗೆ ಸರ್ಜನ್ ಹಾಕಿದ ದಾರದ ಗಂಟು ಎಲ್ಲಿದೆ, ಒಂದು ಗಂಟೋ ಎರಡೋ ನೋಡು. ಪಟ್ಟಿಯ ಎರಡು ಮಗ್ಗುಲಲ್ಲಿ ಒಂದು ಗಡ್ಡೆಯ ಕಡೆಯದು, ಇನ್ನೊಂದು ರೋಗಿಯ ಕೆನ್ನೆಯಲ್ಲಿ ಉಳಿದ ಭಾಗದ ಕಡೆಯದು. ಎರಡನೆಯದೇ ನಿಜವಾದ ಅಂಚು, ಮಸಿ ಹಚ್ಚುವುದು ಅದಕ್ಕೆ. ಆ ಮಸಿಯ ಮಗ್ಗುಲು ಮೇಲಕ್ಕೆ ಬರಬೇಕೋ ಕೆಳಕ್ಕೋ ಎಂಬುದು ಲ್ಯಾಬಿನಿಂದ ಲ್ಯಾಬಿಗೆ ಬೇರೆ. ಪೆಥಾಲಜಿಸ್ಟ್ ಪಕ್ಕದಲ್ಲೇ ಇರುತ್ತಾರೆ, ಬಾಯಿ ಬಿಟ್ಟು ಕೇಳು. ಕೇಳಿದರೆ ಬೈಯುತ್ತಾರೆ ಎಂದು ಊಹಿಸಿ ಕೂರಿಸುವವರನ್ನು ನಾನು ಬಹಳ ಜನ ನೋಡಿದ್ದೇನೆ. ಕೇಳದೆ ಕೂರಿಸಿದಾಗ ಬೀಳುವ ಬೈಗುಳ ಅದಕ್ಕಿಂತ ದೊಡ್ಡದು.

ಮಸಿ ಹಚ್ಚಿದ ಮೇಲೆ ಒತ್ತಿ ಒಣಗಿಸಬೇಕು. ಹಸಿ ಮಸಿ ಒಳಕ್ಕೆ ಹರಿದರೆ ಅಂಚು ಯಾವುದು ಎಂದು ಆಮೇಲೆ ಹೇಳಲಾಗದು. ಹಸಿ ಪಟ್ಟಿ ತಾನಾಗಿ ಸುರುಳಿಯಾಗಲು ನೋಡುತ್ತದೆ. ಫಿಲ್ಟರ್ ಪೇಪರಿನ ಮೇಲೆ ನೆಟ್ಟಗೆ ಹಾಸಿ ಕೆಲವು ಸೆಕೆಂಡು ಬಿಡು. ಕಾಗದ ನೀರನ್ನೂ ಹೀರುತ್ತದೆ, ಪಟ್ಟಿಯೂ ನೇರವಾಗುತ್ತದೆ.

ಆಮೇಲೆ ಚಕ್. ಕ್ರಯೋಸ್ಟ್ಯಾಟ್ ಒಳಗಿನ ತಂಪು ಕಟ್ಟೆಯ ಮೇಲೆ ಚಕ್ ಇಟ್ಟು ನಡುವೆ ಓಸಿಟಿ ಹಾಕು. ಓಸಿಟಿ ಎಂದರೆ ಪಾಲಿವಿನೈಲ್ ಆಲ್ಕೊಹಾಲ್ ಮತ್ತು ಪಾಲಿಎಥಿಲೀನ್ ಗ್ಲೈಕಾಲ್ ಬೆರೆಸಿದ ಅಂಟು ದ್ರಾವಣ, ನೀರಿನಲ್ಲಿ ಕರಗುತ್ತದೆ, ಹೆಪ್ಪುಗಟ್ಟಿದರೆ ಬೆಳ್ಳಗಾಗುತ್ತದೆ. ಬಿಳುಪು ಅಂಚಿನಿಂದ ಶುರುವಾಗಿ ನಡುವಿಗೆ ಸರಿಯುವುದನ್ನು ಕಣ್ಣಿಟ್ಟು ನೋಡು. ಅಂಚು ಬೆಳ್ಳಗಾಗಿದೆ, ನಡುವೆ ಇನ್ನೂ ತಿಳಿಯಾಗಿದೆ ಎನ್ನುವ ಆ ಕೆಲವು ಸೆಕೆಂಡುಗಳೇ ನಿನ್ನವು. ಆಗ ಪಟ್ಟಿಯನ್ನು ನಿಲ್ಲಿಸು. ಮೊದಲೇ ಇಟ್ಟರೆ ದ್ರಾವಣದಲ್ಲಿ ವಾಲುತ್ತದೆ, ತಡಮಾಡಿದರೆ ಬುಡ ಕೂರುವುದೇ ಇಲ್ಲ. ಹಸಿ ತುಣುಕನ್ನು ಹಿಡಿಯುವ ಚಿಮಟ ಹೊರಗಿನದಾಗಿರಲಿ. ಒಳಗೆ ತಣ್ಣಗಾದ ಚಿಮಟಕ್ಕೆ ಹಸಿ ಮಾಂಸ ಅಂಟಿ ಹೆಪ್ಪುಗಟ್ಟುತ್ತದೆ, ಬಿಡಿಸಿಕೊಳ್ಳುವಾಗ ಪಟ್ಟಿಯೂ ಕಿತ್ತು ಬರುತ್ತದೆ. ಹೆಪ್ಪುಗಟ್ಟಿದ ಮೇಲೆ ಮುಟ್ಟಬೇಕಾದರೆ ತಣ್ಣನೆಯ ಚಿಮಟ. ಎರಡನ್ನೂ ಬೇರೆ ಇಟ್ಟುಕೋ.

ಬುಡ ಹಿಡಿಯಿತೆನ್ನುವವರೆಗೆ ಚಿಮಟ ಬಿಡಬೇಡ. ಬಿಟ್ಟ ಮೇಲೆ ಪಕ್ಕದಿಂದ ಓಸಿಟಿ ಸುರಿದು ಪಟ್ಟಿಯನ್ನು ಮುಚ್ಚು. ನೆತ್ತಿಯ ಮೇಲೆ ಸುರಿದರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ, ಗುಳ್ಳೆ ಇದ್ದ ಕಡೆ ಸೆಕ್ಷನ್ ಹರಿಯುತ್ತದೆ. ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ ಇಡುವ ಅಭ್ಯಾಸ ಮಾಡಿಕೊಂಡರೆ ಗುಳ್ಳೆಯ ಕಾಟ ಅರ್ಧ ಕಡಿಮೆ. ಮೇಲ್ಮೈ ಕೆನೆಗಟ್ಟಿದ ಮೇಲೆ ಹೀಟ್ ಎಕ್ಸ್‌ಟ್ರ್ಯಾಕ್ಟರ್ ಎನ್ನುವ ತಣ್ಣನೆಯ ಲೋಹದ ಗುಂಡನ್ನು ಮೇಲೆ ಇಡು. ಇಡು ಎಂದೆ, ಒತ್ತು ಎನ್ನಲಿಲ್ಲ. ಅವಸರಕ್ಕೆ ಅದನ್ನು ಅದುಮಿದರೆ ಇಷ್ಟು ಹೊತ್ತು ನಿಲ್ಲಿಸಿದ ಪಟ್ಟಿ ಒಳಗೆ ಮತ್ತೆ ಮಲಗುತ್ತದೆ, ಅದು ನಿನಗೆ ಕಾಣುವುದು ಸ್ಲೈಡಿನಲ್ಲೇ.

ಯಂತ್ರಕ್ಕೆ ಸಿಕ್ಕಿಸುವಾಗ ಪಟ್ಟಿಯ ಗಿಡ್ಡ ತುದಿ ಬ್ಲೇಡಿನ ಕಡೆಗಿರಲಿ. ಆಗ ಮೇಲ್ಪದರ, ಕೊಬ್ಬು ಎರಡೂ ಒಟ್ಟಿಗೆ ಕೊಯ್ಯುತ್ತವೆ. ಕೊಬ್ಬಿನ ಮಗ್ಗುಲು ಮೊದಲು ತಾಗಿದರೆ ಅದು ಬ್ಲೇಡಿಗೆ ಮೆತ್ತಿಕೊಂಡು ಹಿಂದೆ ಬರುವ ಮೇಲ್ಪದರವನ್ನೂ ಎಳೆದು ಹಾಳುಮಾಡುತ್ತದೆ. ಮುಖ ಸಮ ಮಾಡುವಾಗಲೂ ಹಿಡಿತವಿರಲಿ. ಪಟ್ಟಿ ಇರುವುದೇ ಕೆಲವು ಮಿಲಿಮೀಟರ್. ಗರಗರ ತಿರುಗಿಸಿ ಅರ್ಧ ಸವೆಸಿದ ಮೇಲೆ ‘ಅಂಚು ಎಲ್ಲಿ’ ಎಂದು ಕೇಳಿದರೆ ಅದು ಬ್ಲೇಡಿನ ಕೆಳಗಿನ ಪುಡಿಯಲ್ಲಿರುತ್ತದೆ.

ಎರಡು ಮೂರು ಪಟ್ಟಿಗಳನ್ನು ಒಂದೇ ಚಕ್ಕಿನಲ್ಲಿ ಕೂರಿಸಬೇಕಾದರೆ ತಲೆಕೆಳಗಿನ ವಿಧಾನ ಒಳ್ಳೆಯದು. ತಣ್ಣನೆಯ ಅಚ್ಚಿನ ಚಪ್ಪಟೆ ತಳದ ಮೇಲೆ, ಕೊಯ್ಯಬೇಕಾದ ಮುಖ ಕೆಳಗಾಗಿ ಎಲ್ಲವನ್ನೂ ನಿಲ್ಲಿಸಿ, ಓಸಿಟಿ ತುಂಬಿ, ಮೇಲೆ ಚಕ್ ಇಟ್ಟು, ಗಟ್ಟಿಯಾದ ಮೇಲೆ ಕಳಚಿ ತಿರುವಬೇಕು. ಎಲ್ಲ ಪಟ್ಟಿಗಳ ಮುಖವೂ ಒಂದೇ ಮಟ್ಟಕ್ಕೆ ಬರುತ್ತದೆ. ನೇರವಾಗಿ ಚಕ್ಕಿನ ಮೇಲೆ ಕೂರಿಸಿದರೆ ಒಂದು ಮೇಲೆ, ಒಂದು ಕೆಳಗೆ ಆಗಿ, ಕೆಳಗಿನದು ಸಿಗುವ ಹೊತ್ತಿಗೆ ಮೇಲಿನದು ಮುಗಿದಿರುತ್ತದೆ.

ಪ್ರಶ್ನೆ: ನಮ್ಮದು ಒಳ್ಳೆಯ ಯಂತ್ರ, ಮೈನಸ್ 22 ಡಿಗ್ರಿಯಲ್ಲಿ ಓಡಿಸುತ್ತೇವೆ, ಬ್ಲೇಡೂ ಹೊಸದು. ಆದರೂ ಸೆಕ್ಷನ್ ತುಂಬ ತೂತು. ಜೀವಕೋಶಗಳೆಲ್ಲ ಪಕ್ಕಕ್ಕೆ ಸರಿದು ನಡುನಡುವೆ ಬಿಳಿ ಜಾಗ. ಇದಕ್ಕೆ ಯಂತ್ರದವರನ್ನು ಕರೆಸಬೇಕೆ? — ವಿಜಯಪುರದ ಲ್ಯಾಬ್ ಟೆಕ್ನಿಷಿಯನ್

ಉತ್ತರ: ಕರೆಸಬೇಡಿ. ಬಂದವರು ಬಿಲ್ ಕೊಟ್ಟು ಹೋಗುತ್ತಾರೆ, ತೂತು ಹಾಗೇ ಉಳಿಯುತ್ತದೆ. ಅದು ಹಿಮದ ಹರಳಿನ ಗುರುತು. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಹರಳು ದೊಡ್ಡದಾಗಿ ಬೆಳೆದು ಸುತ್ತಲಿನ ಜೀವಕೋಶಗಳನ್ನು ತಳ್ಳುತ್ತದೆ. ಥಟ್ಟನೆ ಹೆಪ್ಪುಗಟ್ಟಿದರೆ ಹರಳು ಬೆಳೆಯಲು ಪುರಸೊತ್ತೇ ಇರುವುದಿಲ್ಲ. ಮನೆಯ ಫ್ರಿಜ್ಜಿನಲ್ಲಿ ಇಟ್ಟ ಕುಲ್ಫಿ ಕರಕರ ಎನ್ನುವುದಕ್ಕೂ ಇದೇ ಕಾರಣ.

ನಿಮ್ಮ ಕಾಗದದಲ್ಲೇ ಉತ್ತರದ ಅರ್ಧವಿದೆ: ತುಣುಕು ಸಲೈನ್ ಬಾಟಲಿಯಲ್ಲಿ ಬರುತ್ತದೆ ಎಂದು ಕೆಳಗೆ ಬರೆದಿದ್ದೀರಿ. ಬರುವಷ್ಟರಲ್ಲಿ ಅದು ನೀರು ಕುಡಿದಿರುತ್ತದೆ. ಬಾಟಲಿಯ ಪದ್ಧತಿ ನಿಲ್ಲಿಸಲು ಓಟಿಯವರಿಗೆ ಹೇಳಿ. ಬಂದ ತುಣುಕನ್ನು ಫಿಲ್ಟರ್ ಪೇಪರಿನಲ್ಲಿ ಎಲ್ಲ ಮಗ್ಗುಲೂ ಒತ್ತಿ ಒರೆಸಿ. ಗಾಜ್ ಬಟ್ಟೆಯಿಂದ ಉಜ್ಜಬೇಡಿ, ಮೇಲ್ಪದರ ಕಿತ್ತು ಬರುತ್ತದೆ. ದೊಡ್ಡ ತುಣುಕನ್ನು ಇಡಿಯಾಗಿ ಕೂರಿಸುವ ಹಟವೂ ಬೇಡ. ಮೂರು ನಾಲ್ಕು ಮಿಲಿಮೀಟರಿಗಿಂತ ದಪ್ಪವಾದರೆ ಹೊರಗೆ ಗಟ್ಟಿ, ಒಳಗೆ ಹಸಿ. ಒಳಗಿನ ಭಾಗ ನಿಧಾನವಾಗಿ ಹೆಪ್ಪುಗಟ್ಟಿ, ತೂತೆಲ್ಲ ಅಲ್ಲೇ ಆಗುತ್ತದೆ. ಓಸಿಟಿಯನ್ನು ಧಾರಾಳವಾಗಿ ಸುರಿಯುವುದರಿಂದಲೂ ಅದೇ ತೊಂದರೆ, ದಪ್ಪ ಪದರ ಚಳಿಯನ್ನು ಒಳಗೆ ಬಿಡುವುದಿಲ್ಲ. ಅರೆಬರೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವುದಂತೂ ಎಲ್ಲಕ್ಕಿಂತ ಕೆಟ್ಟದ್ದು.

ದ್ರವ ಸಾರಜನಕ ತರಿಸಬಹುದೇ ಎಂದೂ ಕೇಳಿದ್ದೀರಿ. ಅದು ಮೈನಸ್ 196 ಡಿಗ್ರಿ, ನಿಜ. ಆದರೆ ಬೆಚ್ಚಗಿನ ತುಣುಕನ್ನು ನೇರವಾಗಿ ಅದ್ದಿದರೆ ಸುತ್ತ ಕೊತಕೊತ ಕುದಿದು ಆವಿಯ ಕವಚ ಕಟ್ಟುತ್ತದೆ. ಆ ಕವಚ ಚಳಿಯನ್ನು ತಡೆಯುತ್ತದೆ, ತುಣುಕು ಬಿರುಕೂ ಬಿಡುತ್ತದೆ. ಸ್ನಾಯುವಿನ ಬಯಾಪ್ಸಿಯಂತಹ ನಾಜೂಕು ಕೆಲಸ ಮಾಡುವವರು ಲೋಹದ ಲೋಟದಲ್ಲಿ ಐಸೋಪೆಂಟೇನ್ ಎಂಬ ದ್ರವ ಹಾಕಿ, ಆ ಲೋಟವನ್ನು ಸಾರಜನಕದಲ್ಲಿ ಇಳಿಬಿಟ್ಟು, ತುಣುಕನ್ನು ಐಸೋಪೆಂಟೇನ್‌ನಲ್ಲಿ ಅದ್ದುತ್ತಾರೆ. ಅದು ಸುಮಾರು ಮೈನಸ್ 160ರವರೆಗೂ ದ್ರವವಾಗಿಯೇ ಇರುತ್ತದೆ, ತುಣುಕಿಗೆ ತಾಗಿ ಕುದಿಯುವುದಿಲ್ಲ. ಆದರೆ ನಿಮ್ಮ ಊರಿನ ಸಲುವಾಗಿ ಒಂದು ಎಚ್ಚರಿಕೆ: ಐಸೋಪೆಂಟೇನ್ ಕುದಿಯುವುದೇ 28 ಡಿಗ್ರಿಗೆ. ವಿಜಯಪುರದ ಏಪ್ರಿಲ್ ಮಧ್ಯಾಹ್ನದಲ್ಲಿ ಮುಚ್ಚಳ ತೆಗೆದರೆ ಅದು ಬಾಟಲಿಯಲ್ಲೇ ಕುದಿಯುತ್ತದೆ, ಆವಿಗೆ ಬೆಂಕಿ ಹತ್ತಲು ಒಂದು ಕಿಡಿ ಸಾಕು. ಹಾಗೆಂದು ಮನೆಬಳಕೆಯ ಫ್ರಿಜ್ಜಿನಲ್ಲಿ ಇಡಬೇಡಿ, ಅದರೊಳಗಿನ ಸ್ವಿಚ್ಚಿನಲ್ಲೇ ಕಿಡಿ ಏಳುತ್ತದೆ. ಓಟಿಯ ಫ್ರೋಜನ್‌ಗೆ ಈ ಸಾಹಸ ಬೇಡ. ಒರೆಸಿದ, ತೆಳುವಾದ ತುಣುಕು, ಚೆನ್ನಾಗಿ ತಣಿದ ಲೋಹದ ಗುಂಡು, ಇಷ್ಟೇ ಸಾಕು.

ಪ್ರಶ್ನೆ: ಸ್ತನದ ಗಡ್ಡೆ ಬಂದರೆ ಕೊಬ್ಬು ಮೆತ್ತಿಕೊಂಡು ಸೆಕ್ಷನ್ ಬರುವುದೇ ಇಲ್ಲ. ಅದೇ ತಾಪಮಾನದಲ್ಲಿ ಲಿವರ್ ಪುಡಿಯಾಗುತ್ತದೆ. ಎಲ್ಲಕ್ಕೂ ಹೊಂದುವ ಒಂದು ತಾಪಮಾನ ಹೇಳಿ. — ಬೆಳಗಾವಿ, ಟಿಳಕವಾಡಿಯ ಓದುಗರು

ಉತ್ತರ: ಅಂಥದ್ದು ಇದ್ದಿದ್ದರೆ ನಮ್ಮ ಕೆಲಸಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ನೀರು ಹೆಚ್ಚಿರುವ ಮೆದುಳು, ಲಿವರ್, ಗುಲ್ಮ (ಸ್ಪ್ಲೀನ್) ಇವಕ್ಕೆ ಮೈನಸ್ 10ರಿಂದ 15ರ ಸುತ್ತ ಸಾಕು. ಹೆಚ್ಚು ತಣಿಸಿದರೆ ಒಡೆಯುತ್ತವೆ. ಥೈರಾಯ್ಡ್, ದುಗ್ಧಗ್ರಂಥಿ (ಲಿಂಫ್ ನೋಡ್), ಸ್ನಾಯು ಮೈನಸ್ 20ರ ಆಸುಪಾಸಿನಲ್ಲಿ ಒಳ್ಳೆಯ ಮಾತು ಕೇಳುತ್ತವೆ. ಕೊಬ್ಬು ಮಾತ್ರ ಮೈನಸ್ 30ಕ್ಕೂ ಮೊಂಡು. ಆದ್ದರಿಂದ ಸ್ತನದ ತುಣುಕಿನಲ್ಲಿ ಬೇಡದ ಕೊಬ್ಬನ್ನು ತುಣುಕನ್ನು ಮೊದಲು ನೋಡಿ ಕತ್ತರಿಸುವ ಗ್ರಾಸಿಂಗ್ ಮೇಜಿನ ಮೇಲೆಯೇ ಬಿಡಿಸಿ, ಬಿಳಿ ಗಡಸು ಭಾಗವನ್ನು ಮಾತ್ರ ಕೂರಿಸಿ. ಬಿಡಿಸಲಾಗದ ಕೊಬ್ಬಿದ್ದರೆ ಅದು ಬ್ಲೇಡಿಗೆ ಕೊನೆಗೆ ಸಿಗುವಂತೆ ಚಕ್ ತಿರುಗಿಸಿ, ಸೆಕ್ಷನ್ ತುಸು ದಪ್ಪಗೆ ತೆಗೆಯಿರಿ. ಪುಡಿಯಾಗುವ ಲಿವರಿಗೆ ಯಂತ್ರದ ತಾಪಮಾನ ಬದಲಿಸುತ್ತ ಕೂರಬೇಡಿ, ಅಷ್ಟು ಸಮಯವಿಲ್ಲ. ಕೈಗವಸಿನ ಹೆಬ್ಬೆರಳನ್ನು ಮುಖದ ಮೇಲೆ ಒಂದೆರಡು ಕ್ಷಣ ಇಟ್ಟು ತೆಗೆದು ಮತ್ತೆ ಕೊಯ್ಯಿರಿ. ಬ್ಲೇಡಿನ ಗಾರ್ಡ್ ಹಾಕಿ, ಹ್ಯಾಂಡಲ್ ಲಾಕ್ ಮಾಡಿದ ಮೇಲೆ ಮಾತ್ರ ಬೆರಳು ಒಳಗೆ.

ಪ್ರಶ್ನೆ: ಮೇಡಂ, ನಮ್ಮ ನರ್ಸಿಂಗ್ ಹೋಮಿನಿಂದ ಊರೊಳಗಿನ ಲ್ಯಾಬಿಗೆ ಫ್ರೋಜನ್ ಕಳಿಸುವಾಗ ಒಬ್ಬ ಡಾಕ್ಟರು ಫಾರ್ಮಲಿನ್ ಅನ್ನುತ್ತಾರೆ, ಒಬ್ಬರು ಐಸ್ ಅನ್ನುತ್ತಾರೆ. ಯಾವುದು ಸರಿ? — ಬೆಳಗಾವಿಯ ಓಟಿ ಸಿಸ್ಟರ್

ಉತ್ತರ: ಎರಡೂ ಬೇಡ. ಫಾರ್ಮಲಿನ್ ತಾಗಿದ ತುಣುಕು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಸೆಕ್ಷನ್ ಬಂದರೂ ಸ್ಲೈಡಿಗೆ ಅಂಟದೆ ಬಣ್ಣದ ತೊಟ್ಟಿಯಲ್ಲಿ ತೇಲಿ ಹೋಗುತ್ತದೆ. ಐಸಿನ ಮೇಲೆ ನೇರವಾಗಿ ಇಟ್ಟರೆ ದಾರಿಯಲ್ಲೇ ನಿಧಾನವಾಗಿ ಹೆಪ್ಪುಗಟ್ಟಿ, ಮೇಲೆ ಹೇಳಿದ ಹರಳು. ಸಲೈನಿನಲ್ಲಿ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಗಾಜ್‌ನಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಐಸ್ ಪೆಟ್ಟಿಗೆಯಲ್ಲಿ ಇಡಿ. ಡಬ್ಬಿಯ ಮೈಮೇಲೆ ರೋಗಿಯ ಹೆಸರು, ಯಾವ ಕಡೆ, ಎಷ್ಟನೆಯ ತುಣುಕು. ಮುಚ್ಚಳದ ಮೇಲೆ ಬರೆಯಬೇಡಿ, ನಾಲ್ಕು ಡಬ್ಬಿ ಬಂದಾಗ ಮುಚ್ಚಳಗಳು ಅದಲುಬದಲಾಗುತ್ತವೆ. ಹೊರಡುವ ಮುನ್ನ ಲ್ಯಾಬಿಗೆ ಫೋನ್ ಮಾಡಿದರೆ ಅವರು ಯಂತ್ರ ತಣಿಸಿಟ್ಟುಕೊಂಡು ಕಾಯುತ್ತಾರೆ.

ಪ್ರಶ್ನೆ: ಮೈನಸ್ 20ರಲ್ಲಿ ಕ್ಷಯದ ಕ್ರಿಮಿ ಸಾಯುತ್ತದೆಯಲ್ಲವೇ? ಹಾಗಿದ್ದರೆ ಕತ್ತಿನ ಗಂಟು ಕೊಯ್ಯುವಾಗ ಮಾಸ್ಕ್ ಏಕೆ? — ಜಮಖಂಡಿಯ ಓದುಗರು

ಉತ್ತರ: ಸಾಯುವುದಿಲ್ಲ. ಚಳಿಯಲ್ಲಿ ಸುಖವಾಗಿ ಉಳಿದು ಮುಂದಿನ ತುಣುಕಿನ ಜೊತೆ ಹೊರಬರುತ್ತದೆ. ಕೊಯ್ಯುವಾಗ ಏಳುವ ಪುಡಿ ಗಾಳಿಯಲ್ಲಿ ಸೇರುತ್ತದೆ. ಬೇಗ ತಣಿಸಲೆಂದು ಹೊಡೆಯುವ ಸ್ಪ್ರೇ ಅದನ್ನು ಮುಖಕ್ಕೇ ತರುತ್ತದೆ, ಆ ಸ್ಪ್ರೇಯನ್ನು ನಾನು ನನ್ನ ಲ್ಯಾಬಿನಲ್ಲಿ ಇಡಗೊಟ್ಟಿರಲಿಲ್ಲ. ಕ್ಷಯದ ಶಂಕೆ ಇರುವ ಗಂಟಿಗೆ ಫ್ರೋಜನ್ ನಿಜಕ್ಕೂ ಬೇಕೇ ಎಂದು ಪೆಥಾಲಜಿಸ್ಟ್ ಸರ್ಜನ್‌ಗೆ ಕೇಳಬೇಕು. ಗಂಟನ್ನು ಕೊಯ್ದು ಸ್ಲೈಡಿಗೆ ಒತ್ತಿ ತೆಗೆದ ಅಚ್ಚಿನಲ್ಲೇ ಎಷ್ಟೋ ಸಲ ಉತ್ತರ ಸಿಗುತ್ತದೆ. ಕೊಯ್ಯಲೇಬೇಕಾದರೆ ಎನ್-95 ಮಾಸ್ಕ್. ಆಮೇಲೆ ಯಂತ್ರ ನಿಲ್ಲಿಸಿ, ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು, ಕ್ಷಯದ ಕ್ರಿಮಿಯನ್ನು ಕೊಲ್ಲುವ ದ್ರಾವಣದಿಂದ ಶುಚಿ ಮಾಡುವವರೆಗೆ ಬೇರೆ ತುಣುಕು ಒಳಗೆ ಹೋಗಬಾರದು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕ್ರಯೋಸ್ಟ್ಯಾಟ್ ಒಳಗೆಲ್ಲ ಹಿಮ. ಚಕ್ ಕೂಡ ಜಾರುತ್ತದೆ. — ಖಾನಾಪುರದ ಓದುಗರು

ಉತ್ತರ: ನಿಮ್ಮ ಕಡೆಯ ಜುಲೈ ಗಾಳಿ ಗೊತ್ತಿದ್ದವರಿಗೆ ಇದು ಆಶ್ಚರ್ಯವಲ್ಲ. ಗಾಜಿನ ಬಾಗಿಲನ್ನು ಬೇಕಾದಷ್ಟೇ ತೆರೆಯಿರಿ, ಒಳಗೆ ಉಸಿರು ಬಿಡಬೇಡಿ, ಚಕ್ಕಿನ ತಳವನ್ನು ಒಣ ಬಟ್ಟೆಯಲ್ಲಿ ಒರೆಸಿ ಸಿಕ್ಕಿಸಿ. ತಳದಲ್ಲಿ ಹಿಮದ ಪದರವಿದ್ದರೆ ಚಕ್ ಅಲುಗಾಡಿ ಸೆಕ್ಷನ್‌ನಲ್ಲಿ ಪಟ್ಟೆ ಮೂಡುತ್ತದೆ. ಹಿಮ ಕರಗಿಸುವ ಡಿಫ್ರಾಸ್ಟ್ ಅನ್ನು ರಾತ್ರಿಗೆ ಇಡಿ, ಆಪರೇಷನ್ ಪಟ್ಟಿ ಇರುವ ಬೆಳಿಗ್ಗೆಗೆ ಅಲ್ಲ.

ಪ್ರಶ್ನೆ: ವರದಿ ಫೋನಿನಲ್ಲಿ ಹೇಳಿದ ಮೇಲೆ ಚಕ್ಕಿನ ಮೇಲೆ ಉಳಿದ ತುಣುಕನ್ನು ಏನು ಮಾಡಬೇಕು? ನಮ್ಮಲ್ಲಿ ಒಬ್ಬರು ಅದನ್ನು ಸಂಜೆಯವರೆಗೆ ಯಂತ್ರದಲ್ಲೇ ಬಿಡುತ್ತಾರೆ. — ಬಾಗಲಕೋಟೆಯ ಇನ್ನೊಬ್ಬ ಓದುಗರು

ಉತ್ತರ: ಸಂಜೆಯವರೆಗೆ ಬಿಟ್ಟರೆ ಅದು ಒಣಗಿ ಸುಕ್ಕಾಗುತ್ತದೆ, ಮೇಣದ ಸ್ಲೈಡಿನಲ್ಲಿ ಏನೂ ಕಾಣದು. ಇನ್ನೂ ಸೆಕ್ಷನ್ ಬೇಕಾಗಬಹುದೇ ಎಂದು ಪೆಥಾಲಜಿಸ್ಟ್‌ಗೆ ಒಮ್ಮೆ ಕೇಳಿ. ಬೇಡ ಎಂದ ಕೂಡಲೇ ಚಕ್ಕನ್ನು ಹೊರತೆಗೆದು, ಬುಡ ಸಡಿಲವಾದ ಮೇಲೆ ತುಣುಕನ್ನು ಬಿಡಿಸಿ, ನೇರವಾಗಿ ಶೇಕಡ 10ರ ಫಾರ್ಮಲಿನ್‌ಗೆ ಹಾಕಿ. ಓಸಿಟಿ ಅದರಲ್ಲೇ ಕರಗಿ ಹೋಗುತ್ತದೆ, ಕೆರೆದು ತೆಗೆಯಬೇಕಿಲ್ಲ. ತುಣುಕು ಇಡುವ ಸಣ್ಣ ಪ್ಲಾಸ್ಟಿಕ್ ಡಬ್ಬಿಯಾದ ಕ್ಯಾಸೆಟ್ಟಿನ ಮೇಲೆ ಇದು ಫ್ರೋಜನ್ ಆದ ತುಣುಕು ಎಂಬ ಗುರುತು ಬೇರೆಯಾಗಿ ಇರಲಿ, ಉಳಿದ ತುಣುಕುಗಳ ಜೊತೆ ಬೆರೆಸಬೇಡಿ. ಮೇಣದ ಸ್ಲೈಡು ಬಂದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಪೆಥಾಲಜಿಸ್ಟ್. ನೀವೂ ಹಿಂದೆ ನಿಂತು ನೋಡಿ, ಬೇಡ ಎನ್ನುವುದಿಲ್ಲ.